ಕರೂರಿನ ಹೆಬ್ಬೆಟ್ಟಿನ ಹಾಳೆ

ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮೇಷ್ಟ್ರು ನಿವೃತ್ತರಾದ ಮೇಲೆ ಅಣುಬಾಂಬಿನ ವಿರುದ್ಧ ಸಹಿ ಸಂಗ್ರಹಿಸತೊಡಗಿದರು. ಅದು ಎಂಬತ್ತರ ದಶಕದ ಆರಂಭ. ರಾಜಸ್ಥಾನದ ಮರಳಿನಡಿ ನಮ್ಮ ದೇಶವೂ ಬಾಂಬು ಸಿಡಿಸಿ ಕೆಲವು ವರ್ಷಗಳಾಗಿದ್ದವು. ಆ ವರ್ಷ ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಅದರ ಖುಷಿಗೆ ಹಂಚಿದ ಪೇಡೆಯನ್ನು ಅವರೂ ತಿಂದಿದ್ದರಂತೆ. "ತಿಂದುಬಿಟ್ಟೆ ನೋಡಮ್ಮ. ಬೋರ್ಡಿನ ಮ್ಯಾಲ ಚಿತ್ರ ಬರದು ತಿಳಿಸಿ, ಹುಡುಗ್ರ ಕೈಲೆ ಚಪ್ಪಾಳಿನೂ ಹೊಡಿಸಿದೆ" ಎಂದು ಎಷ್ಟೋ ಸಲ ನನ್ನ ಮುಂದೆ ಹೇಳಿಕೊಂಡಿದ್ದರು.

ನಾನಾಗ ಬಳ್ಳಾರಿಯ ಸತ್ಯನಾರಾಯಣಪೇಟೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರ್. ಭಾನುವಾರ ಬಂತೆಂದರೆ ಇಬ್ಬರೂ ಬಸ್ಸು ಹತ್ತಿ ಯಾವುದಾದರೂ ಊರಿಗೆ ಹೋಗುತ್ತಿದ್ದೆವು. ಪ್ರತಿ ಹಾಳೆಯ ಮೇಲೂ ಮೇಷ್ಟ್ರು ಕೈಯಾರೆ ಬರೆದಿರುತ್ತಿದ್ದರು: ಯಾವ ದೇಶವೂ ಅಣುಬಾಂಬು ಮಾಡಬಾರದು, ನಮ್ಮದೂ.

ಆ 'ನಮ್ಮದೂ' ಎಂಬಲ್ಲಿಗೆ ಬರುತ್ತಲೇ ಜನ ಪೆನ್ನು ಕೆಳಗಿಡುತ್ತಿದ್ದರು. ಕುರುಗೋಡಿನ ಚಹಾ ಅಂಗಡಿಯವನು, "ಬ್ಯಾರೆಯವ್ರದು ಕಸೀರಿ, ನಮ್ದು ಇರ್ಲಿ ಬಿಡ್ರಿ" ಎಂದು ನಕ್ಕ. ಕುಳಿತಿದ್ದವರೂ ನಕ್ಕರು.

ಸಿರುಗುಪ್ಪದ ಕಡೆಯ ಕರೂರಿನಲ್ಲಿ ಮಾತ್ರ ಬೇರೆಯಾಯಿತು. ನಾಟಿ ಮಾಡುತ್ತಿದ್ದ ಹೆಂಗಸರು ಬದುವಿನ ಮೇಲೆ ಬುತ್ತಿ ಬಿಚ್ಚಿದ್ದರು. ಜಪಾನಿನಲ್ಲಿ ಬಾಂಬು ಬಿದ್ದ ಮೇಲೆ ಸುಟ್ಟ ಮಕ್ಕಳು ನೀರು ನೀರು ಎನ್ನುತ್ತಾ ಬೀದಿಯಲ್ಲಿ ನಡೆದದ್ದನ್ನು ಮೇಷ್ಟ್ರು ಹೇಳಿದರು. ಹೆಂಗಸರಲ್ಲಿ ಹಿರಿಯಳಾದವಳು ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಗೆ ಹಾಕಿದಳು.

"ನೀರು ಕೊಡೋರೂ ಉಳಿದಿರ್ಲಿಲ್ಲೇನ್ರಿ?"

"ಇರ್ಲಿಲ್ಲಮ್ಮ."

ಅವಳು ಕಾಲುವೆಯಲ್ಲಿ ಕೈ ತೊಳೆದು, ಸೀರೆಗೆ ಒರೆಸಿಕೊಂಡು ಬಂದು ಮೊದಲ ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆ ಉಳಿದ ಹನ್ನೊಂದು ಮಂದಿ.

ಎರಡು ವಾರದ ಮೇಲೆ ಅದೇ ಹೆಂಗಸು ನನ್ನ ಶಾಲೆ ಹುಡುಕಿಕೊಂಡು ಬಳ್ಳಾರಿಗೆ ಬಂದಳು. "ಕೂಲಿ ಜಾಸ್ತಿ ಕೇಳಾಕ ಅರ್ಜಿ ಕೊಟ್ಟೀರಿ ಅಂತ ಧಣಿ ನಮ್ಮನ್ನ ಯಾರನ್ನೂ ಕೆಲ್ಸಕ್ಕ ಕರ್ಯಾಂಗಿಲ್ಲ. ಉಳಿದ ಹೊಲದೋರಿಗೂ ಹೇಳ್ಯಾನ. ಆ ಹಾಳಿ ಕೊಟ್ಟುಬಿಡ್ರಿ ಟೀಚರಮ್ಮ, ತಂದು ತೋರ್ಸಿದ್ರ ನೋಡ್ತೀನಿ ಅಂದಾನ."

ಅವಳನ್ನು ಮೇಷ್ಟ್ರ ಮನೆಗೆ ಕರೆದುಕೊಂಡು ಹೋದೆ. ತಾವೇ ಬಂದು ಧಣಿಗೆ ತಿಳಿಹೇಳುವುದಾಗಿ ಅವರು ಹೇಳಿದರು. ಮೂವರೂ ಕರೂರಿಗೆ ಹೋದೆವು. ಧಣಿ ನಮ್ಮಿಬ್ಬರಿಗೆ ಕುರ್ಚಿ ಹಾಕಿಸಿ ಚಹಾ ಕೊಡಿಸಿದ. ಅವಳು ಅಂಗಳದಲ್ಲಿ ನಿಂತೇ ಇದ್ದಳು. ಮೇಷ್ಟ್ರ ಮಾತನ್ನೆಲ್ಲ ಕೇಳಿಸಿಕೊಂಡು ಅವನೆಂದ: "ಇವತ್ತು ಬಾಂಬಿನ ಮ್ಯಾಲ ಹೆಬ್ಬೆಟ್ಟು ಒತ್ಯಾರ, ನಾಳಿ ನನ್ನ ಮ್ಯಾಲ ಒತ್ತತಾರ. ನೀವು ಓದಿದೋರು, ಊರಿಗೆ ಹೋಗ್ತೀರಿ. ಇವ್ರ ಜೋಡಿ ಬಾಳೇವು ಮಾಡೋನು ನಾನು."

ಮರಳುವಾಗ ಬಸ್ಸಿನಲ್ಲಿ, ಹಾಳೆ ಕೊಟ್ಟುಬಿಡೋಣ ಸಾರ್, ಎಂದೆ. ಅವರು ಒಪ್ಪಲಿಲ್ಲ. "ಉಳಿದೋರೆಲ್ಲ ನನ್ನ ಮುಖ ನೋಡಿ ಸಹಿ ಹಾಕ್ಯಾರಮ್ಮ. ಮನಸಿಟ್ಟು ಒತ್ತಿದೋರು ಅಂದ್ರ ಆ ಹನ್ನೆರಡು ಮಂದಿ. ಅದನ್ನ ಹ್ಯಾಂಗ ತಗದು ಕೊಡ್ಲಿ?"

ಮುಂದಿನ ಶನಿವಾರ ಅವರ ಮನೆಗೆ ಹೋದೆ. ಅವರು ನನಗೆ ನೀರು ತರಲು ಒಳಗೆ ಹೋದಾಗ ಸಹಿಯ ಹಾಳೆಗಳ ಕಟ್ಟಿನೊಳಗಿಂದ ಕರೂರಿನ ಆ ಹಾಳೆಯನ್ನು ತೆಗೆದು ಚೀಲದಲ್ಲಿಟ್ಟುಕೊಂಡೆ. ಅವರು ತಂದ ನೀರನ್ನು ಅವರೆದುರೇ ಕುಡಿದೆ.

ಮರುದಿನ ಕರೂರಿನಲ್ಲಿ ಆ ಹೆಂಗಸನ್ನು ಕರೆದುಕೊಂಡು ಧಣಿಯ ಮನೆಗೆ ಹೋದೆ. ಅವನು ಹಾಳೆಯನ್ನು ತಿರುವಿ ನೋಡಿ ನಾಲ್ಕು ಚೂರು ಮಾಡಿದ. "ನಾಟಿ ಮುಗದು ಹೋತಲ್ಲ. ಮುಂದಿನ ಹಂಗಾಮಿಗೆ ನೋಡೋಣು" ಎಂದ. ಹೊರಗೆ ಬಂದ ಮೇಲೆ ಅವಳು ನನ್ನ ಕಡೆ ತಿರುಗಲಿಲ್ಲ. "ಇನ್ನ ಬರಬ್ಯಾಡ್ರಿ ಟೀಚರಮ್ಮ" ಎಂದಳು, ಅಷ್ಟೆ. ಅವಳೂ ಇನ್ನೂ ಕೆಲವರೂ ಸಿಂಧನೂರಿನ ಕಡೆ ದುಡಿಯಲು ಹೋದರೆಂದು ಆಮೇಲೆ ಕೇಳಿದೆ.

ಮಾಡಿದ್ದನ್ನು ನಾನೇ ಮೇಷ್ಟ್ರಿಗೆ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಹಾಳೆಗಳ ಕಟ್ಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದರು. ಮರುವಾರ ಒಬ್ಬರೇ ಹೋಗಿ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಬಂದರಂತೆ. ಉತ್ತರ ಬರಲಿಲ್ಲ. ನಾನು ಹೋದಾಗಲೆಲ್ಲ ಶಾಲೆಯ ಸುದ್ದಿ ಕೇಳುತ್ತಿದ್ದರು. ಬಾಂಬಿನ ಮಾತನ್ನು ಸಾಯುವವರೆಗೂ ನನ್ನೊಂದಿಗೆ ಆಡಲಿಲ್ಲ.

ಅವರು ತೀರಿಕೊಂಡ ವರ್ಷ ಸಿರುಗುಪ್ಪದ ಬಸ್ಸಿನಲ್ಲಿ ಆ ಹನ್ನೆರಡು ಮಂದಿಯಲ್ಲಿ ಒಬ್ಬಳು ಹತ್ತಿದಳು. ಬಸ್ಸು ತುಂಬಿತ್ತು. ನಾನು ಸರಿದು ಜಾಗ ಮಾಡಿ, ಬಾ ಕೂಡಮ್ಮ ಎಂದೆ. ಗುರುತು ಹಿಡಿದಳು. ಕಂಬಿ ಹಿಡಿದುಕೊಂಡು, ಇಳಿಯುವ ಊರು ಬರುವವರೆಗೂ ನಿಂತೇ ಹೋದಳು.