ಕೊನೆಯ ಕಾಲು ಗಂಟೆ

ಒಂದನ್ನು ಬಿಟ್ಟರೆ ನಾನು ಯಾವ ಸಿನಿಮಾವನ್ನೂ ಕೊನೆಯವರೆಗೆ ನೋಡಿದವನಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಏಕೆಂದರೆ ಮಾನ್ವಿಯಲ್ಲಿ ನನ್ನ ಪರಿಚಯದವರೆಲ್ಲ ನನ್ನನ್ನು ದೊಡ್ಡ ಸಿನಿಮಾ ಪಂಡಿತನೆಂದು ನಂಬಿದ್ದಾರೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು ನಾನು. ಆಕಾಶನೌಕೆಗಳ ಸಿನಿಮಾದ ಮಾತು ಬಂದರೆ ಬಾಯಿ ಮುಚ್ಚುವವನಲ್ಲ. ಆದರೆ ತೆರೆಯ ಮೇಲೆ ಕಥೆ ಮುಗಿಯಲು ಇನ್ನು ಕಾಲು ಗಂಟೆ ಇದೆ ಎನ್ನುವಾಗ ನನ್ನ ಅಂಗಾಲು ತುರಿಸತೊಡಗುತ್ತದೆ. ಎದ್ದುಬಿಡುತ್ತೇನೆ. ಮನೆಯಲ್ಲಿ ಟೀವಿಯ ಮುಂದೆ ಕೂತಾಗಲೂ ಅಷ್ಟೇ.

"ಎಲ್ಲಿಗೆ ಹೊಂಟ್ರಿ? ಇದು ನಮ್ಮ ಮನೀನ ಅದ. ಇಲ್ಲಿಂದ ಯಾವ ಬಸ್ಸೂ ಬಿಡಂಗಿಲ್ಲ," ಎನ್ನುತ್ತಾಳೆ ಹೆಂಡತಿ.

ಅವಳ ಮಾತು ಸರಿಯಾದ ಜಾಗಕ್ಕೇ ತಾಗುತ್ತದೆ. ಈ ಚಟ ನನಗೆ ಹತ್ತಿದ್ದು ಬಸ್ಸಿನಿಂದ. ದೇವದುರ್ಗ ರಸ್ತೆಯ ಗಬ್ಬೂರಿನಿಂದ ನಾಲ್ಕು ಮೈಲಿ ಒಳಗೆ ನಮ್ಮೂರು. ನಾನು ರಾಯಚೂರಿನಲ್ಲಿ ಡಿಗ್ರಿ ಓದುವಾಗ ಊರಿಗೆ ನೇರ ಹೋಗುವ ಕೊನೆಯ ಬಸ್ಸು ಐದೂ ಕಾಲಿಗೆ ಬಿಡುತ್ತಿತ್ತು. ಎರಡೂವರೆಯ ಆಟ ಮುಗಿಯುವುದು ಐದೂ ಇಪ್ಪತ್ತಕ್ಕೆ. ಆ ಐದು ನಿಮಿಷದ ಅಂತರಕ್ಕೂ ಬಸ್‌ಸ್ಟ್ಯಾಂಡಿನವರೆಗಿನ ಓಟಕ್ಕೂ ನಾನು ತೆತ್ತ ಸುಂಕ, ಪ್ರತಿ ಸಿನಿಮಾದ ಕೊನೆಯ ಕಾಲು ಗಂಟೆ. ಯಾರು ಗೆದ್ದರು, ಯಾರು ಸತ್ತರು, ಯಾರು ಯಾರನ್ನು ಮದುವೆಯಾದರು ಎಂಬುದೆಲ್ಲ ನಾನು ಗಬ್ಬೂರು ದಾಟುವ ಹೊತ್ತಿಗೆ ನನ್ನ ಬೆನ್ನ ಹಿಂದೆ ನಡೆದುಹೋಗುತ್ತಿತ್ತು.

ಆದರೂ ನನಗೆ ಕೊನೆಗಳ ಬರ ಬರಲಿಲ್ಲ, ಮಹಬೂಬ ಇದ್ದ. ಅವನು ನನ್ನ ಕ್ಲಾಸಿನವನು, ಮನೆ ರಾಯಚೂರಿನಲ್ಲೇ, ತೀನ್ ಕಂದೀಲಿನ ಹತ್ತಿರ. ಅವನಿಗೆ ಬಸ್ಸಿನ ಹಂಗಿರಲಿಲ್ಲ. ಕೊನೆಯವರೆಗೆ ಕೂತು ನೋಡಿ ಮರುದಿನ ಕಾಲೇಜಿನ ಎದುರಿನ ಹೋಟೆಲಿನಲ್ಲಿ ಆ ಕಾಲು ಗಂಟೆಯನ್ನು ಮುಕ್ಕಾಲು ಗಂಟೆ ಮಾಡಿ ಹೇಳುತ್ತಿದ್ದ. ಬಾಯಲ್ಲೇ ಬಾಂಬು ಹಾರಿಸುತ್ತಿದ್ದ, ಚಮಚೆಯಿಂದ ಚಹಾದ ಬಸಿಗೆ ಬಡಿದು ಬಾಗಿಲು ಮುಚ್ಚುತ್ತಿದ್ದ. ಅವನು ಹೇಳಿದ ಕೊನೆ ಕೇಳಿದವನಿಗೆ ಥೇಟರಿನ ಕೊನೆ ನೋಡಬೇಕೆಂಬ ಆಸೆ ಉಳಿಯುತ್ತಿರಲಿಲ್ಲ.

ನಮ್ಮಿಬ್ಬರಿಗೂ ಹುಚ್ಚು ಹಿಡಿಸಿದ್ದು ಒಂದು ಪರದೇಶದ ಸರಣಿ. ಅದರ ನಿಜವಾದ ಹೆಸರು ನಮ್ಮ ನಾಲಿಗೆಗೆ ಒಗ್ಗಲಿಲ್ಲ. ಪೋಸ್ಟರಿನಲ್ಲಿ ನೀಲಿ ಬಣ್ಣದ ಆಕಾಶನೌಕೆ ಇದ್ದುದರಿಂದ 'ನೀಲಿ ಹಡಗು' ಎಂದೆವು. ರಾಯಚೂರಿಗೆ ಅದು ತೆಲುಗಿಗೆ ಇಳಿದು ಬರುತ್ತಿತ್ತು. ನಕ್ಷತ್ರಗಳ ನಡುವೆ ಅಷ್ಟು ಎತ್ತರದ ಬಿಳಿಯ ಜನ ಅಚ್ಚ ತೆಲುಗಿನಲ್ಲಿ ಬೈದಾಡುವುದು ನಮಗೆ ಸ್ವಲ್ಪವೂ ವಿಚಿತ್ರವೆನಿಸುತ್ತಿರಲಿಲ್ಲ. ಮೂರು ಭಾಗ ಬಂದವು. ಅದರಲ್ಲಿ ನಾಯಕನಿದ್ದ, ನಾಯಕಿ ಇದ್ದಳು. ನಮಗೆ ಬೇಕಾದವನು ಮಾತ್ರ ಹಡಗಿನ ಎಂಜಿನ್ ರಿಪೇರಿ ಮಾಡುವ ಮುದುಕ. ಹೆಗಲ ಮೇಲೆ ಎಣ್ಣೆಬಟ್ಟೆ, ಬಾಯಲ್ಲಿ ಸದಾ ಗೊಣಗಾಟ, ನಾಯಕನಿಗೂ ಹೆದರದವನು. ಅವನನ್ನು ನಾವು ಮಿಸ್ತ್ರಿ ಎಂದೇ ಕರೆದೆವು. ನಮ್ಮಪ್ಪನೂ ಮಿಸ್ತ್ರಿಯೇ. ಗಬ್ಬೂರಿನ ಸುತ್ತಿನ ಹಳ್ಳಿಗಳ ಪಂಪ್‌ಸೆಟ್ಟುಗಳಿಗೆಲ್ಲ ಅವನೇ ವೈದ್ಯ. ಮೊದಲೆರಡು ಭಾಗಗಳ ಕಥೆ ಹೇಳಿದಾಗ ಅಪ್ಪ ನಾಯಕನ ಪ್ರೇಮದ ಬಗ್ಗೆ ಒಂದೂ ಮಾತು ಕೇಳಲಿಲ್ಲ. "ಆ ಎಂಜಿನ್ನು ಡೀಜಲ್‌ದೋ ಕರೆಂಟಿಂದೋ?" ಎಂದು ಕೇಳಿದ.

ಮೂರನೆಯ ಭಾಗ ಬಂದಾಗ ಅಪ್ಪ ಕಾಮಾಲೆ ಏರಿ ರಾಯಚೂರಿನ ಆಸ್ಪತ್ರೆಯಲ್ಲಿದ್ದ. ಹಗಲು ನಾನು, ರಾತ್ರಿ ಅಣ್ಣ, ಹೀಗೆ ಪಾಳಿ. ಒಂದು ಮಧ್ಯಾಹ್ನ ಅಣ್ಣ ಬೇಗ ಬಂದದ್ದನ್ನು ನೋಡಿ ಮಹಬೂಬ ನನ್ನನ್ನು ಎಳೆದುಕೊಂಡು ಥೇಟರಿಗೆ ಹೋದ. ಎಂಜಿನ್ ಕೋಣೆಗೆ ಬೆಂಕಿ ಬಿದ್ದು, ಮಿಸ್ತ್ರಿ ಬಾಗಿಲನ್ನು ಒಳಗಿನಿಂದ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಐದೂ ಐದಾಯಿತು. ನಾನು ಬಸ್ಸಿಗೆ ಓಡಿದೆ.

ಮರುದಿನ ಬೆಳಿಗ್ಗೆ ಮಹಬೂಬ ಆಸ್ಪತ್ರೆಗೇ ಬಂದ, ಅವರಮ್ಮ ಕೊಟ್ಟ ಗಂಜಿಯ ಡಬ್ಬಿ ಹಿಡಿದುಕೊಂಡು. ಮಂಚದ ಕಾಲಬುಡದಲ್ಲಿ ನಿಂತು ಕೊನೆ ಹೇಳತೊಡಗಿದ. ಕಣ್ಣು ಮುಚ್ಚಿಕೊಂಡಿದ್ದ ಅಪ್ಪ ನಡುವೆ ಕೇಳಿದ: "ಮಿಸ್ತ್ರಿ ಏನಾದ್ನೋ ಮಹಬೂಬ?"

ಮಹಬೂಬ ಒಂದು ಗಳಿಗೆ ಸಲಾಯಿನ್ ಬಾಟಲಿಯ ಕಡೆ ನೋಡಿದ. ಆಮೇಲೆ ಹೇಳಿದ: "ಅಂವಗೇನಾಗ್ತದ ಕಾಕಾ! ಎಲ್ಲಾರೂ ಅಳಾಕತ್ತಿದ್ರು. ಅಷ್ಟರಾಗ ಹೊಗಿ ಪೈಪಿನ್ಯಾಗಿಂದ ಹೊರಗ ಬಂದ. ಮಾರಿ ತುಂಬ ಮಸಿ. ಬಂದಾಂವನ, 'ಚಾ ಅದ ಏನು?' ಅಂದ."

ಅಪ್ಪ ನಕ್ಕ. ಹಳದಿಯಾಗಿದ್ದ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಖರೇ ಮಿಸ್ತ್ರಿ ಅಂದ್ರ ಅಂವ," ಎಂದ. ಹನ್ನೊಂದು ದಿನಕ್ಕೆ ಅಪ್ಪ ಹೋದ. ಅವನು ಬಾಯಿ ತುಂಬ ನಕ್ಕದ್ದನ್ನು ನಾನು ಕೊನೆಯ ಬಾರಿ ನೋಡಿದ್ದು ಅವತ್ತು.

ಇಪ್ಪತ್ತಾರು ವರ್ಷ ಕಳೆದವು. ಥೇಟರು ಕಲ್ಯಾಣಮಂಟಪವಾಯಿತು, ಮಹಬೂಬ ಅವರಪ್ಪನ ಚಶ್ಮಾ ಅಂಗಡಿಯಲ್ಲಿ ಕೂತ. ನಾನು ಮಾನ್ವಿಗೆ ಬಂದರೂ ಭಾನುವಾರ ಮಧ್ಯಾಹ್ನ ರಾಯಚೂರಿಗೆ ಹೋಗಿ ಅವನ ಕೌಂಟರಿನ ಒಳಗಿನ ಸ್ಟೂಲಿನ ಮೇಲೆ ಕೂರುವುದು ತಪ್ಪಲಿಲ್ಲ. ಹೊರಗಿನ ಕುರ್ಚಿಗಳು ಗಿರಾಕಿಗಳಿಗೆ, ಒಳಗಿನ ಸ್ಟೂಲು ನನಗೆ. 'ನೀಲಿ ಹಡಗು' ಟೀವಿಯಲ್ಲಿ ಹತ್ತಾರು ಸಲ ಬಂತು. ಮೂರನೆಯ ಭಾಗ ನೋಡುತ್ತ ಕೂತಾಗಲೆಲ್ಲ ಮಿಸ್ತ್ರಿ ಬಾಗಿಲು ಹಾಕಿಕೊಂಡ ಕೂಡಲೇ ನಾನು ಏಳುತ್ತಿದ್ದೆ. ಮುಂದಿನದು ಗೊತ್ತಿತ್ತಲ್ಲ. ಇಡೀ ಮೂರು ಸಿನಿಮಾಗಳಲ್ಲಿ ಒಬ್ಬನೂ ಒಂದು ಕಪ್ ಚಹಾ ಕುಡಿಯದ ಆ ಹಡಗಿನಲ್ಲಿ ಮಿಸ್ತ್ರಿ ಚಹಾ ಕೇಳಿದ್ದು ಹೇಗೆ ಎಂಬ ಅನುಮಾನ ಭೌತಶಾಸ್ತ್ರದ ಮೇಷ್ಟ್ರಿಗೆ ಒಮ್ಮೆಯೂ ಬರಲಿಲ್ಲ.

ಈ ವರ್ಷ ಹೊಸ ಸಿನಿಮಾ ಬಂತು. ನಾಲ್ಕನೆಯ ಭಾಗವಲ್ಲ. ಮಿಸ್ತ್ರಿಯೊಬ್ಬನನ್ನೇ ಆರಿಸಿಕೊಂಡು ಅವನ ಹರೆಯದ ಕಥೆ ಮಾಡಿದ್ದರು. ಇಂಥದಕ್ಕೆ ಈಗಿನವರು ಸ್ಪಿನ್-ಆಫ್ ಎನ್ನುತ್ತಾರೆ. ಹೆಸರು ಹೊಸದು, ಸರಕು ಹಳೆಯದು. ಶ್ರಾವಣದಲ್ಲಿ ಮಠದ ಪುರಾಣಕ್ಕೆ ಹೋದವರಿಗೆ ಗೊತ್ತಿರುತ್ತದೆ. ಕಥೆ ಹೇಳುವ ಶಾಸ್ತ್ರಿಗಳು ಶರಣರ ಮನೆಯ ಎತ್ತಿನ ಹಿಂದಿನ ಜನ್ಮಕ್ಕೆ ಹೊರಟರೆಂದರೆ ಮೂರು ದಿನ ವಾಪಸು ಬರುವುದಿಲ್ಲ. ನಮ್ಮ ಪುರಾಣಗಳಲ್ಲಿ ಕಥೆಗಿಂತ ಉಪಕಥೆಯ ಹೊಟ್ಟೆಯೇ ದೊಡ್ಡದು. ಆ ಶಾಸ್ತ್ರಿಗಳಲ್ಲಿ ಇನ್ನೊಂದು ಪದ್ಧತಿಯಿದೆ. ಯಾರಾದರೂ ಸಾಯುವ ಪ್ರಸಂಗ ಬಂದ ದಿನ ಪುರಾಣವನ್ನು ಅಲ್ಲಿಗೇ ನಿಲ್ಲಿಸುವುದಿಲ್ಲ. ಹೊತ್ತಾದರೂ ಸರಿ, ಒಂದು ತೊಟ್ಟಿಲೋ ಮದುವೆಯೋ ಬರುವ ತನಕ ಎಳೆದು ಆಮೇಲೆ ಮಂಗಳಾರತಿ. ಕೇಳಿದವರು ಸಾವನ್ನು ಕಿವಿಯಲ್ಲಿಟ್ಟುಕೊಂಡು ಮನೆಗೆ ಹೋಗಬಾರದಂತೆ.

ಇಷ್ಟೆಲ್ಲ ತಿಳಿದವನು ಉಪಕಥೆಯ ಪರ ನಿಲ್ಲಬೇಕಿತ್ತು. ಆದರೆ ವಯಸ್ಸಾದ ಅಭಿಮಾನಿಯಷ್ಟು ಮಡಿವಂತ ಇನ್ನೊಬ್ಬನಿಲ್ಲ. ಆ ಭಾನುವಾರ ಚಶ್ಮಾ ಅಂಗಡಿಯಲ್ಲಿ ನಾನು ಹೊಸ ಸಿನಿಮಾವನ್ನು ಹಿಗ್ಗಾಮುಗ್ಗಾ ಬಯ್ದೆ. ಮಹಬೂಬ ಅದರ ಪರ ವಾದಿಸಿದ.

"ಮಿಸ್ತ್ರಿ ಮ್ಯಾಗ ಒಂದು ಪಿಚ್ಚರ್ ಬಂತಂದ್ರ ಖುಷಿ ಪಡಬೇಕಲೇ ಶಿವ್ಯಾ. ಇಷ್ಟು ದಿನ ನಾಯಕನ ಹಿಂದ ನಿಂತು ನಿಂತು ಅಂವನ ಕಾಲು ನೊಂದಿರ್ತಾವ," ಎಂದ.

ತಮಾಷೆಯೆಂದರೆ ನಾನೂ ಸಿನಿಮಾ ನೋಡಿರಲಿಲ್ಲ, ಅವನೂ ನೋಡಿರಲಿಲ್ಲ. ನಾನು ನೋಡಬಾರದೆಂದು ಶಪಥ ಮಾಡಿದ್ದೆ. ಅವನು ನನ್ನನ್ನು ಬಿಟ್ಟು ನೋಡಬಾರದೆಂದು ಕಾದಿದ್ದ. ನೋಡಿದ್ದವಳು ಕನ್ನಡಕದ ಗಾಜು ಬದಲಿಸಲು ಬಂದು ಕುರ್ಚಿಯಲ್ಲಿ ಕೂತಿದ್ದ ಅನುರಾಧ ಒಬ್ಬಳೇ. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಎಂಜಿನಿಯರ್. ನಮಗಿಂತ ಇಪ್ಪತ್ತು ವರ್ಷ ಚಿಕ್ಕವಳಾದರೂ ಸರಣಿಯ ಇಂಚಿಂಚೂ ಬಲ್ಲವಳು. ನೋಡಿದವಳು ಸುಮ್ಮನಿದ್ದಳು, ನೋಡದವರು ಗಂಟಲು ಹರಿದುಕೊಳ್ಳುತ್ತಿದ್ದೆವು.

"ಪೋಸ್ಟರ್ ಮ್ಯಾಗ ಏನು ಬರದಾರ ನೋಡು, 'ತಿರುಗಿ ಬಾರದವನ ಕಥೆ' ಅಂತ!" ಎಂದೆ ನಾನು. "ಮೂರನೇ ಭಾಗ ನೋಡಿದಾಂವ ಹಿಂಗ ಬರೀತಾನೇನು? ಮಿಸ್ತ್ರಿ ತಿರುಗಿ ಬರಲಿಲ್ಲೇನು? ಬಂದು ಚಾ ಕೇಳಲಿಲ್ಲೇನು?"

ಅನುರಾಧ ತಲೆ ಎತ್ತಿದಳು. "ಇಲ್ರಿ ಸರ್. ಮೂರನೇದ್ರಾಗ ಮಿಸ್ತ್ರಿ ಸಾಯ್ತಾನಲ್ರಿ. ಬಾಗಿಲ ತಗಿಯಂಗೇ ಇಲ್ಲ."

ನಾನು ನಕ್ಕೆ. ಪಾಠದ ನಡುವೆ ತಪ್ಪು ಉತ್ತರ ಕೊಟ್ಟವರನ್ನು ನೋಡಿ ನಗುವ ನಗು ಅದು. ಅವಳು ಪಾಪ, ಮಾತು ಬೆಳೆಸಲಿಲ್ಲ. ಮೊಬೈಲಿನಲ್ಲಿ ಆ ಕೊನೆಯ ಕಾಲು ಗಂಟೆ ಹಾಕಿ ನನ್ನ ಮುಂದೆ ಹಿಡಿದಳು. ಮಹಬೂಬ ಕೈ ಅಡ್ಡ ಹಿಡಿದು, "ಬ್ಯಾಡ ಬಿಡವ್ವ, ಯಾಕ ಈಗ," ಎಂದದ್ದು ನನಗೆ ಆಗ ಅರ್ಥವಾಗಲಿಲ್ಲ. ನೋಡಿದೆ. ಬೆಂಕಿ, ಬಾಗಿಲು, ಆಮೇಲೆ ಸುಮ್ಮನೆ ನಕ್ಷತ್ರಗಳು. ಪೈಪಿಲ್ಲ, ಮಸಿಯಿಲ್ಲ, ಚಹಾ ಇಲ್ಲ.

ತಪ್ಪು ತಿದ್ದಿಸಿಕೊಂಡು ಅಭ್ಯಾಸವಿಲ್ಲದವರು ನಾವು ಮೇಷ್ಟ್ರುಗಳು. ಮುಖ ಬಿಸಿಯಾಯಿತು. ಅಂಗಡಿಯಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು, ಅವರೂ ನಗುತ್ತಿದ್ದರು. ನಾನು ಮಹಬೂಬನ ಕಡೆ ತಿರುಗಿ ಹೇಳಿದೆ: "ಇಪ್ಪತ್ತಾರು ವರ್ಷ ನನ್ನ ಹುಚ್ಚ ಮಾಡಿದೆಲ್ಲೋ, ಸುಳ್ಳ! ಇನ್ನ ಈ ಮಂದಿಗೆ ಕೊಡೋ ಚಶ್ಮಾದ ನಂಬರರೇ ಖರೇ ಅದನೋ, ಅದೂ ಸುಳ್ಳೋ?"

ಗಿರಾಕಿಗಳ ನಗು ನಿಂತಿತು. ಕನ್ನಡಕ ಕೊಳ್ಳಲು ಬಂದಿದ್ದ ಅಜ್ಜನೊಬ್ಬ ಹಾಕಿಕೊಂಡಿದ್ದ ಕನ್ನಡಕ ತೆಗೆದು ಗಾಜನ್ನು ತಿರುಗಿಸಿ ನೋಡಿದ. ಮಹಬೂಬ ಅದನ್ನು ಕಂಡ. ನನ್ನನ್ನು ನೋಡಲಿಲ್ಲ. "ಹೌದು, ಸುಳ್ಳು ಹೇಳಿದ್ದೆ," ಎಂದಷ್ಟೇ ಹೇಳಿ ಕೈಯಲ್ಲಿದ್ದ ಗಾಜು ಒರೆಸತೊಡಗಿದ. ನಾನು ಎದ್ದು ಬಂದೆ. ಎದ್ದು ಬರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮಾನ್ವಿ ಬಸ್ಸಿನಲ್ಲಿ ಕೂತು ಕಲ್ಲೂರಿನವರೆಗೆ ನಾನು ಉರಿಯುತ್ತಲೇ ಇದ್ದೆ. ಕಲ್ಲೂರಿನ ಸ್ಟಾಪಿನಲ್ಲಿ ಎಣ್ಣೆ ಮೆತ್ತಿದ ಅಂಗಿಯ ಒಬ್ಬ ಮನುಷ್ಯ ಪಂಪಿನ ಯಾವುದೋ ಭಾಗವನ್ನು ಎದೆಗವಚಿಕೊಂಡು ಹತ್ತಿದ. ಅಪ್ಪ ಹಾಗೆಯೇ ಬಸ್ಸು ಹತ್ತುತ್ತಿದ್ದ. ಆಗ ನೆನಪಾಯಿತು, ಮಂಚದ ಕಾಲಬುಡ, ಗಂಜಿಯ ಡಬ್ಬಿ, ಮಹಬೂಬ ಸಲಾಯಿನ್ ಬಾಟಲಿಯ ಕಡೆ ನೋಡಿದ ಆ ಒಂದು ಗಳಿಗೆ. ಸಾಯುತ್ತಿದ್ದ ಮಿಸ್ತ್ರಿಯೊಬ್ಬ "ಮಿಸ್ತ್ರಿ ಏನಾದ?" ಎಂದು ಕೇಳಿದಾಗ ಇಪ್ಪತ್ತು ವರ್ಷದ ಹುಡುಗ ಏನು ಹೇಳಬೇಕಿತ್ತು? ಶಾಸ್ತ್ರಿಗಳಿಗೆ ಮದುವೆ ಹುಡುಕಲು ಇಡೀ ಪುರಾಣವಿರುತ್ತದೆ. ಮಹಬೂಬನಿಗೆ ಸಿಕ್ಕಿದ್ದು ಒಂದು ಕಪ್ ಚಹಾ. ಅಷ್ಟರಲ್ಲೇ ನಮ್ಮಪ್ಪನಿಗೆ ಮಂಗಳ ಹಾಡಿ ಕಳಿಸಿದ. ಇಪ್ಪತ್ತಾರು ವರ್ಷ ಅದರ ಸುದ್ದಿ ಎತ್ತಲಿಲ್ಲ. ಅಂಗಡಿಯಲ್ಲಿ ಅಷ್ಟು ಜನರ ಮುಂದೆ ಮಾನ ಹೋಗುವಾಗಲೂ ಎತ್ತಲಿಲ್ಲ.

ಕಲ್ಲೂರಿನಲ್ಲಿ ಇಳಿದು ಎದುರಿನ ಬಸ್ಸು ಹತ್ತಿದ್ದರೆ ಮುಕ್ಕಾಲು ಗಂಟೆಯಲ್ಲಿ ಅಂಗಡಿಯಲ್ಲಿರುತ್ತಿದ್ದೆ. ಇಳಿಯಲಿಲ್ಲ. ಮುಂದಿನ ವಾರ ಹೋದರಾಯಿತು ಎಂದುಕೊಂಡೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ಹೇಳುವವನು ನಾನೇ, ಮೂಗು ಕೊಯ್ದು ಐದು ಭಾನುವಾರ ಮನೆಯಲ್ಲೇ ಕೂತೆ. ಫೋನಿನಲ್ಲಿ ಬರೆದೆ, ಅಳಿಸಿದೆ. ಕ್ಷಮೆ ಕೇಳುವ ಮಾತನ್ನು ನಮ್ಮ ಸ್ನೇಹದಲ್ಲಿ ಎಂದೂ ಬಳಸಿರಲಿಲ್ಲವಾದ್ದರಿಂದ ಅದು ಎಲ್ಲಿದೆಯೆಂದೇ ತಿಳಿಯಲಿಲ್ಲ.

ಆರನೆಯ ಭಾನುವಾರ ರಾಯಚೂರಿಗೆ ಹೋಗಿ ಮೊದಲು ಇನ್ನೊಂದು ಥೇಟರಿನಲ್ಲಿ ಒಬ್ಬನೇ ಆ ಹೊಸ ಸಿನಿಮಾ ನೋಡಿದೆ. ಕಾಲು ಗಂಟೆ ಉಳಿದಾಗ ಅಂಗಾಲು ತುರಿಸಿತು. ಮುಂದಿನ ಸೀಟಿನ ಹಿಡಿಕೆ ಹಿಡಿದುಕೊಂಡು ಕೂತೆ. ಜೀವನದಲ್ಲಿ ಮೊದಲ ಬಾರಿ ಒಂದು ಸಿನಿಮಾವನ್ನು ಕೊನೆಯವರೆಗೆ ಕೂತು ನೋಡಿದೆ. ಸಿನಿಮಾ ಚೆನ್ನಾಗಿಯೇ ಇತ್ತು. ಹರೆಯದ ಮಿಸ್ತ್ರಿ ಊರು ಬಿಟ್ಟು ಹಡಗು ಹತ್ತುತ್ತಾನೆ, ಅವನ ಗೆಳೆಯ ನೆಲದ ಮೇಲೆ ನಿಂತು ಆಕಾಶ ನೋಡುತ್ತ ಉಳಿಯುತ್ತಾನೆ. ಮುಗಿಯಿತು. ದೀಪ ಹತ್ತಿತು. ಪಕ್ಕದಲ್ಲಿ ಹೇಳಲು ಯಾರೂ ಇರಲಿಲ್ಲ. ಆಗ ನಿಜಕ್ಕೂ ದುಃಖವಾಯಿತು.

ಅಲ್ಲಿಂದ ಅಂಗಡಿಗೆ ಹೋದೆ. "ಬರ್ರಿ ಶಿವಣ್ಣ ಸರ್, ಕೂಡ್ರಿ," ಎಂದ ಮಹಬೂಬ, ಗಿರಾಕಿಗಳ ಕುರ್ಚಿ ತೋರಿಸಿ. ಒಳಗಿನ ಸ್ಟೂಲಿನ ಮೇಲೆ ಫ್ರೇಮಿನ ಡಬ್ಬಿಗಳನ್ನು ಪೇರಿಸಿಟ್ಟಿದ್ದ. ಕಾಲೇಜಿನ ದಿನಗಳಿಂದ 'ಶಿವ್ಯಾ' ಆಗಿದ್ದವನು ಒಮ್ಮೆಲೇ 'ಸರ್' ಆಗಿದ್ದೆ. ಅಷ್ಟು ಮರ್ಯಾದೆಯನ್ನು ನನಗೆ ಈವರೆಗೆ ಯಾರೂ ಕೊಟ್ಟಿರಲಿಲ್ಲ, ಅಷ್ಟು ನೋವನ್ನೂ.

"ತಪ್ಪಾತು ಮಹಬೂಬ. ಅಪ್ಪನ ಸಲುವಾಗಿ ಹಂಗ ಹೇಳಿದ್ದು ಅಂತ ಬಸ್ಸಿನ್ಯಾಗ ತಿಳೀತು," ಎಂದೆ.

"ಇರಲಿ ಬಿಡ್ರಿ," ಎಂದ. ಒರೆಸಲು ಒಂದು ಗಾಜು ಎತ್ತಿಕೊಂಡು, "ಪಿಚ್ಚರ್ ನೋಡಿದ್ರೇನು?" ಎಂದು ಕೇಳಿದ.

"ನೋಡಿದೆ. ಕೊನಿತನಕ."

ಅವನ ಕೈ ನಿಂತಿತು. "ಹೆಂಗ ಮುಗೀತು?"

ಗೆಳೆಯನನ್ನು ನೆಲದ ಮೇಲೆ ಬಿಟ್ಟು ಹೋಗುವ ಕೊನೆಯನ್ನು ಅವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. "ಹಡಗ ಹತ್ತಿದಾಂವ ಇಳದು ಬರ್ತಾನ," ಎಂದೆ ತಡವರಿಸುತ್ತ. "ಗೆಳೆಯನ ಹತ್ರ ಬಂದು... ಚಾ ಅದ ಏನು ಅಂತಾನ."

ಮಹಬೂಬ ಕೈಯಲ್ಲಿದ್ದ ಗಾಜು ಕೆಳಗಿಟ್ಟ. "ಅನುರಾಧವ್ವ ಬಂದಿದ್ಳು, ಪಿಚ್ಚರ್ ಕೊನಿ ಎಲ್ಲಾ ಹೇಳ್ಯಾಳ. ನಾನೇ ಹೇಳು ಅಂದಿದ್ದೆ," ಎಂದ. "ನಿಮಗ ಬರಂಗಿಲ್ಲ ಬಿಡ್ರಿ. ಸುಳ್ಳು ಹೇಳೂದು ಅಷ್ಟು ಸಸಾರ ಅಲ್ಲ."

ಆಮೇಲೂ ನಾನು ಪ್ರತಿ ಭಾನುವಾರ ಹೋಗುತ್ತಿದ್ದೇನೆ. ಗಿರಾಕಿಯ ಕುರ್ಚಿಯಲ್ಲಿ ಕೂರುತ್ತೇನೆ. ಚಹಾ ತರಿಸುತ್ತಾನೆ, "ತಗೋರಿ" ಎನ್ನುತ್ತಾನೆ. ಅವತ್ತು ಗಾಜು ತಿರುಗಿಸಿ ನೋಡಿದ ಅಜ್ಜ ಮತ್ತೆ ಬಂದನೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಹೋದ ವಾರ ನೋಡಿದರೆ ಸ್ಟೂಲಿನ ಮೇಲಿನ ಡಬ್ಬಿಗಳನ್ನು ಕೆಳಗಿಳಿಸಿದ್ದ. ಕೂರು ಎಂದು ಅವನು ಹೇಳಲಿಲ್ಲ, ಕೇಳದೆ ಕೂರಲು ನನಗೂ ಆಗಲಿಲ್ಲ. ಸಂಜೆ ಮಾನ್ವಿ ಬಸ್ಸಿನ ಹೊತ್ತಾಯಿತು, ಅಂಗಾಲು ತುರಿಸಿತು. ನಾನು ಏಳಲಿಲ್ಲ.