ಮುಸುಕಿನೊಳಗಿನ ಜಟ್ಟಿ

ಕಪ್ಪು ಮುಸುಕು ಹಾಕಿದ್ದ ಆ ದೈತ್ಯನ ಕೈ ನನ್ನ ಅತ್ತೆಯ ಮುಂಗೈಯನ್ನು ಗಪ್ಪನೆ ಹಿಡಿದುಕೊಂಡಿತು.

ನ್ಯೂಜಿಲೆಂಡಿನ ಆಕ್ಲೆಂಡ್‌ನ ಒನೆಹುಂಗಾ ಬಡಾವಣೆಯಲ್ಲಿ ಜಪಾನಿ ತಂಡವೊಂದರ ಕುಸ್ತಿ ಪ್ರದರ್ಶನ ನಡೆದಿತ್ತು. ಇಬ್ಬರು ಜಟ್ಟಿಗಳಿಗೂ ಕಣ್ಣು ಕಾಣದಂತೆ ಮುಸುಕು ಹಾಕಿದ್ದರು. ಎದುರಾಳಿಯನ್ನು ತಡಕಾಡಿಯೇ ಹುಡುಕಬೇಕು. ಮುಸುಕು ತೆಗೆದವನು ಸೋತಂತೆ. ಜನ ಬಿದ್ದುಬಿದ್ದು ನಗುತ್ತಿದ್ದರು. ಅಷ್ಟರಲ್ಲಿ ಜಟ್ಟಿಗಳಲ್ಲೊಬ್ಬ ಅಖಾಡದ ಹಗ್ಗದಾಚೆ ಉರುಳಿ, ಮುಂದಿನ ಸಾಲಿನಲ್ಲಿದ್ದ ನಮ್ಮ ಕಡೆಗೇ ಬಂದ. ಅಕ್ಕಪಕ್ಕದವರು ಕುರ್ಚಿ ಬಿಟ್ಟು ಓಡಿದರು. ಮೊಣಕಾಲಿನ ಆಪರೇಷನ್ ಆಗಿದ್ದ ಅತ್ತೆಗೆ ಏಳಲಾಗಲಿಲ್ಲ.

ಎದುರಾಳಿಯೇ ಸಿಕ್ಕನೆಂದುಕೊಂಡ ಆತ ಇನ್ನೊಂದು ಕೈಯನ್ನು ಹೊಡೆಯಲು ಮೇಲೆತ್ತಿದ. ನಾನು "ಸ್ಟಾಪ್, ಸ್ಟಾಪ್" ಎಂದು ಕಿರುಚುತ್ತ ಆ ತೋಳಿಗೆ ಜೋತುಬಿದ್ದೆ. ಅದು ಅಲುಗಲಿಲ್ಲ. ಗದ್ದಲದಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಅತ್ತೆಯ ಬಾಯಿಂದ ಸಣ್ಣ ದನಿ ಹೊರಟಿತು: "ಬಿಡಪ್ಪಾ, ಕೈ ಮುರ್ದೋಗತ್ತೆ."

ಆಗ ಅವನ ಹಿಡಿತದಲ್ಲಿ ಅತ್ತೆಯ ಗಾಜಿನ ಬಳೆಗಳು ಪಟಪಟನೆ ಒಡೆದವು. ಎತ್ತಿದ ಕೈ ಅಲ್ಲೇ ನಿಂತಿತು. ಮರುಕ್ಷಣ ಆತ ಮುಸುಕನ್ನು ಕಿತ್ತೆಸೆದು ಮಂಡಿಯೂರಿದ. ಗಂಟೆ ಬಾರಿಸಿ, ಅವನು ಸೋತನೆಂದು ಸಾರಿದರು. ಅವನು ಅತ್ತ ತಿರುಗಿಯೂ ನೋಡಲಿಲ್ಲ. ಅತ್ತೆಯ ಮುಂಗೈಗೆ ಚುಚ್ಚಿದ್ದ ಬಳೆಚೂರುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದ. ಒಂದೊಂದು ಚೂರು ತೆಗೆದಾಗಲೂ ಹೆದರಿದ ಮುಖವೆತ್ತಿ ಅತ್ತೆಯನ್ನು ನೋಡಿ ತಲೆಬಾಗುತ್ತಿದ್ದ.

"ಪಾಪ, ನನಗಿಂತ ಅವನೇ ಜಾಸ್ತಿ ಹೆದರ್ಕೊಂಡಿದ್ದ ಕಣೇ" ಎಂದು ಅತ್ತೆ ಈಗಲೂ ಅನ್ನುತ್ತಾರೆ. ನಾನೂ ಆ ಹೆದರಿದ ಮುಖವನ್ನೇ ನೆನೆಯಲು ನೋಡುತ್ತೇನೆ. ಆದರೆ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಎತ್ತಿದ ಕೈ.