ಕೆಂಪಿ ಹಂಚಿದ ಗುಳಿಗೆ

ಕೆಂಪಿಯ ಕೈಗೆ ಏನು ಸಿಕ್ಕರೂ ಅದು ಊರಿನ ಪಾಲು. ಜೇನಿರಲಿ, ನಮ್ಮ ಮನೆಯಿಂದ ಕೊಟ್ಟ ಹಲಸಿನ ಹಣ್ಣಿರಲಿ, ಗುಡಿಸಲು ಗುಡಿಸಲಿಗೆ ಹಂಚದೆ ಅವಳಿಗೆ ಸಮಾಧಾನವಿಲ್ಲ. ಗಂಡ ಜೇನು ಇಳಿಸಲು ಹೋಗಿ ಮರದಿಂದ ಬಿದ್ದು ಸತ್ತ, ಮಕ್ಕಳಾಗಿರಲಿಲ್ಲ. ಆದರೂ ಅವಳ ಒಲೆಯ ಮುಂದೆ ಯಾವಾಗಲೂ ಯಾರದೋ ಮಕ್ಕಳು ಕೂತಿರುತ್ತಿದ್ದವು. ಕಾಡನ್ನೇ ನಂಬಿದ ಅವಳ ಕಾಟುನಾಯಕರ ಕುಲದಲ್ಲಿ ಒಬ್ಬರೇ ತಿನ್ನುವುದೆಂದರೆ ನಾಚಿಕೆಗೇಡು.

ಕೊಳವಳ್ಳಿಯ ಆಚೆ, ಕಾಡಂಚಿನಲ್ಲಿ, ಭೂಮಿ ಕೇಳಿ ಅವರೆಲ್ಲ ಪ್ಲಾಸ್ಟಿಕ್ ಹೊದಿಸಿದ ಗುಡಿಸಲು ಕಟ್ಟಿಕೊಂಡು ಕೂತಿದ್ದ ವರ್ಷವೇ ಚಿಕುನ್‌ಗುನ್ಯಾ ಬಂತು. ಹೀಗೇ ಭೂಮಿ ಕೇಳಿ ಕೂತ ಆದಿವಾಸಿಗಳ ಮೇಲೆ ಮುತ್ತಂಗದಲ್ಲಿ ಪೊಲೀಸರು ಗುಂಡು ಹಾರಿಸಿದ್ದನ್ನು ಯಾರೂ ಮರೆತಿರಲಿಲ್ಲ. ರಸ್ತೆಯ ತಿರುವಿನಲ್ಲಿ ಪೊಲೀಸರಿದ್ದರು. ಹೊರಗೆ ಹೋದವರನ್ನು ಮತ್ತೆ ಒಳಗೆ ಬಿಡುವುದಿಲ್ಲ ಎಂಬ ಸುದ್ದಿ ಬೇರೆ. ಜ್ವರ ಇಳಿದರೂ ಗಂಟುನೋವು ಬಿಡಲಿಲ್ಲ. ಮರ ಹತ್ತುತ್ತಿದ್ದ ಗಂಡಸರು ಕೊಡ ಎತ್ತಲಾರದೆ ಕೂತರು. ಕೆಂಪಿಯಂತೂ ಕೋಲು ಹಿಡಿದು ನರಳುತ್ತಿದ್ದಳು.

ಪೇಟೆಯ ಆಸ್ಪತ್ರೆಯ ಡಾಕ್ಟರ್ ದಿವಾಕರನ್ ಅವರನ್ನು ನನ್ನ ಜೀಪಿನಲ್ಲೇ ಕರೆತಂದೆ. ಅವರು ಕೆಂಪಿಯ ಮಂಡಿ ಒತ್ತಿ ನೋಡಿ ಒಂದಿಷ್ಟು ಗುಳಿಗೆ ಕೊಟ್ಟರು.

"ಇದು ಮಲೇರಿಯಾದ ಗುಳಿಗೆ. ಈ ವೈರಸ್ಸಿಗೆ ಅಂತಲೇ ಮದ್ದಿಲ್ಲ. ಇದರಿಂದ ಗಂಟುನೋವು ಇಳಿಯುತ್ತೆ ಅಂತ ಕೆಲವರು ಹೇಳ್ತಾರೆ. ಖಾತ್ರಿಯಿಲ್ಲ, ನಿನಗೆ ಕೊಟ್ಟು ನೋಡ್ತೀನಿ."

ಇಷ್ಟೆಲ್ಲ ಹೇಳಿದವರು ಬೇರೆ ಯಾರಿಗೂ ಕೊಡಬೇಡ ಎನ್ನಲಿಲ್ಲ. ಮದ್ದನ್ನು ಯಾರಾದರೂ ಹಂಚುತ್ತಾರೆಯೇ ಎಂದು ಅವರ ಎಣಿಕೆ.

ಮಾರನೆಯ ಬೆಳಿಗ್ಗೆ ನಾನು ಅಂಗಳದಲ್ಲಿ ಜೀಪು ತೊಳೆಯುತ್ತಿದ್ದೆ. ನಮ್ಮ ಮನೆ ಅವರ ಗುಡಿಸಲುಗಳಿಗೂ ಪೊಲೀಸರಿಗೂ ನಡುವೆ. ಕೆಂಪಿ ಓಡಿ ಬರುತ್ತಿದ್ದಳು. ತೋಳಲ್ಲಿ ಪಕ್ಕದ ಗುಡಿಸಲಿನ ಚಿಕ್ಕಿಯ ಮಗು, ಇನ್ನೂ ಹಾಲು ಬಿಡದ್ದು. ಹಿಂದೆ ಚಿಕ್ಕಿ ಅಳುತ್ತಾ ಬರುತ್ತಿದ್ದಳು.

"ಗೌಡ್ರೇ, ಜೀಪ್ ತೆಗೀರಿ! ಕೂಸು ಕಾರ್ತಾ ಅದೆ, ಕಣ್ಣೇ ಬಿಡಾಕಿಲ್ಲ."

"ಎಂತ ತಿನ್ಸಿದ್ರಿ?"

"ಡಾಕ್ಟ್ರು ಕೊಟ್ಟ ಗುಳಿಗೆ. ಎಲ್ಲಾರ್ಗೂ ವೇದನೆ ಅಲ್ವಾ, ಪಾಲು ಮಾಡ್ದೆ. ಕೂಸಿಗೂ ಕೈಕಾಲು ನೋವು. ಕಹಿ ಅಂತ ಜೇನಲ್ಲಿ ಅರೆದು ನೆಕ್ಸಿದೆ."

ನನಗೆ ಕೋಪ ನೆತ್ತಿಗೇರಿತು. "ಮದ್ದನ್ನೂ ಹಂಚ್ತಾರೇನೇ ಬುದ್ಧಿಗೇಡಿ!" ಎಂದು ಬೈದೆ. ಜೇನಿಲ್ಲದಿದ್ದರೆ ಮಗು ಆ ಕಹಿಯನ್ನು ಉಗಿದಾದರೂ ಬಿಡುತ್ತಿತ್ತು.

ತಿರುವಿನಲ್ಲಿ ಪೊಲೀಸಿನವನು ಜೀಪಿಗೆ ಕೈ ಅಡ್ಡ ಹಿಡಿದ. "ಹೋದರೆ ವಾಪಸ್ ಬಿಡಲ್ಲ, ಗೊತ್ತಲ್ಲ?"

"ಗುಡ್ಸಲು ಬೇಕಾದ್ರೆ ಕಿತ್ತಾಕಿ ಸಾರೇ. ಈಗ ದಾರಿ ಬಿಡಿ" ಎಂದಳು ಕೆಂಪಿ.

ಪೇಟೆ ಇನ್ನೂ ದೂರವಿರುವಾಗಲೇ ಮಗು ಒಮ್ಮೆ ಸೆಟೆದುಕೊಂಡಿತು. ಚಿಕ್ಕಿ ಚೀರಿದಳು. ನಾನು ಜೀಪಿನ ವೇಗ ಹೆಚ್ಚಿಸಿದೆ. ಹಿಂದೆ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ವಿಷಯ ಕೇಳುತ್ತಲೇ ಡಾಕ್ಟರ ಮುಖ ಬಿಳಿಚಿತು. "ಇಷ್ಟು ಚಿಕ್ಕ ಮಗುವಿನ ಎದೆಬಡಿತ ನಿಲ್ಲೋಕೆ ದೊಡ್ಡವರ ಗುಳಿಗೆ ಒಂದೇ ಸಾಕು" ಎಂದವರೇ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಬೇರೆ ಮಕ್ಕಳು ತಿಂದಿವೆಯೇ ಎಂದು ನರ್ಸ್ ಲೀಲ ಬಂದು ಕೇಳಿದಳು. ಇಲ್ಲ, ಉಳಿದವರೆಲ್ಲ ದೊಡ್ಡವರು ಎಂದಳು ಕೆಂಪಿ. ಆಮೇಲೆ ಬಾಗಿಲು ಮುಚ್ಚಿತು. ಒಳಗಿನಿಂದ ಅಳುವೂ ಕೇಳಿಸಲಿಲ್ಲ. ಅಷ್ಟು ಭಯ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಚಿಕ್ಕಿ ನೆಲದ ಮೇಲೆ ಕುಸಿದು ಕೂತಳು. ಕೆಂಪಿ ಮಾತ್ರ ಗೋಡೆಗೆ ಒರಗಿ ನಿಂತೇ ಇದ್ದಳು. ಕೂರು ಎಂದರೆ ತಲೆಯಾಡಿಸುತ್ತಿದ್ದಳು. ಅವಳನ್ನು ಬೈದದ್ದು ಸಾಲದೆಂದು ನನಗೆ ಆಗಲೂ ಅನಿಸುತ್ತಿತ್ತು.

ಬಿಸಿಲು ಇಳಿದ ಮೇಲೆ ಡಾಕ್ಟರ್ ಹೊರಬಂದರು. "ಗಂಡಾಂತರ ಕಳೀತು. ಹಾಲು ಕೇಳ್ತಿದೆ, ಹೋಗಮ್ಮ" ಎಂದರು. ಚಿಕ್ಕಿ ಒಳಗೆ ಓಡಿದಳು. ಡಾಕ್ಟರ ಕಣ್ಣು ಕೆಂಪಿಯ ಕಾಲುಗಳ ಮೇಲೆ ನಿಂತಿತು.

"ನಿನ್ನೆ ನಿನಗೆ ಏಳೋಕೇ ಆಗ್ತಿರಲಿಲ್ಲ. ಇವತ್ತು ಮಗು ಎತ್ಕೊಂಡು ಓಡಿದ್ದೀಯಂತೆ, ದಿನವಿಡೀ ನಿಂತಿದ್ದೀಯ. ಗುಳಿಗೆ ಇಷ್ಟು ಬೇಗ ಹಿಡೀತಾ?" ಅವರ ದನಿಯಲ್ಲಿ ಆಸೆಯಿತ್ತು.

"ನಾನು ತಿಂದಿಲ್ಲ ಸಾರೇ" ಎಂದಳು ಕೆಂಪಿ. "ಪಾಲು ಮಾಡೋಳು ಕೊನೇಗೆ ತಗೊಳ್ಳೋದು. ನನ್ನ ಪಾಲಿಗೆ ಒಂದು ಉಳ್ದಿತ್ತು. ಕೂಸು ಅಳ್ತಿತ್ತು, ಅದಕ್ಕೇ ಕೊಟ್ಟೆ."

ಅಷ್ಟು ಹೇಳಿ ಕೂರಲು ನೋಡಿದಳು. ಮಂಡಿ ಮಡಚಲೇ ಇಲ್ಲ. ಡಾಕ್ಟರೂ ನಾನೂ ಎರಡು ಕಡೆಯಿಂದ ಹಿಡಿದು ಅವಳನ್ನು ಮೆಲ್ಲಗೆ ನೆಲಕ್ಕೆ ಇಳಿಸಿದೆವು.